ಆರು ಏಳರ ನಡುವೆ

ಮುಖವಾಡ ಮೂಗಿಗಿಟ್ಟು ಡಾಕ್ಟರ್ ಶೌಕತ್
'ಲೆಕ್ಕ ಹೇಳು ನೋಡಣ, ಹತ್ತರವರೆಗೂ' ಎನ್ನುತ್ತಾರೆ.
ಹತ್ತು ಮುಟ್ಟಿದ ಮಗುವನ್ನು
ಈ ಹದಿನೇಳು ವರ್ಷದಲ್ಲಿ ನಾನು ಕಂಡಿಲ್ಲ.
ದುದ್ದದ ಮೋಕ್ಷಿತ್, ಒಂದನೇ ಕ್ಲಾಸು,
ಕ್ಲಾಸಿನ ರಾಗದಲ್ಲೇ ಒಂದೂ ಎರಡೂ ಎಂದು ಶುರುಮಾಡಿ
ಆರಕ್ಕೆ ಬಂದು
ಆರಿದ.

ನಲವತ್ತು ನಿಮಿಷ. ಬಟ್ಟಲಲ್ಲಿ ಟಾನ್ಸಿಲ್,
ಒದ್ದೆ ಹಲಸಿನ ಬೀಜದಂತೆ ಎರಡು.
ಆಮೇಲೆ ಅವನು ನನ್ನವನು.

ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ
ಗಲ್ಲದ ಅಡಿ ನನ್ನ ಎರಡು ಬೆರಳು.
ಅವನ ಬೆರಳಿಗೆ ಕೆಂಪು ದೀಪದ ಕ್ಲಿಪ್ಪು,
ತೊಂಬತ್ತೆಂಟು ತೊಂಬತ್ತೆಂಟು ಎನ್ನುವ ಕೀಂ ಕೀಂ.
ಆ ಸದ್ದು ಒಂದೆಳೆ ಇಳಿದರೂ
ತಿರುಗಿ ನಿಂತವಳ ಬೆನ್ನಿಗೇ ಗೊತ್ತಾಗುತ್ತದೆ.

ಅಳುವ ಮಗುವಿಗೆ ನಾನು ಹೆದರುವುದಿಲ್ಲ.
ಸುಮ್ಮನೆ ಮಲಗಿ ಗುಟುಕು ಗುಟುಕು ನುಂಗುತ್ತಿರುತ್ತದಲ್ಲ,
ಆ ಮಗುವಿಗೆ ಹೆದರುತ್ತೇನೆ.
ಕುಡಿಯಲು ಏನೂ ಕೊಟ್ಟಿಲ್ಲ, ಏನು ನುಂಗುತ್ತಿದೆ?
ಒಮ್ಮೆ, ಬೇಲೂರು ಕಡೆಯ ಹುಡುಗಿ,
ಟಾರ್ಚು ಬಿಟ್ಟು ನೋಡಿದರೆ ಗಂಟಲ ಹಿಂದೆ
ಕೆಂಪು ದಾರ ಇಳಿಯುತ್ತಿತ್ತು.
ಓಡಿದೆವು. ಉಳಿದಳು. ಈಗ ಪಿಯುಸಿ ಇರಬೇಕು.
ಅಂದಿನಿಂದ ನಾನು ಮಕ್ಕಳ ಕೊರಳನ್ನೇ ನೋಡುವವಳು,
ಸಿಟಿ ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಕೂಡ.

ಒಳಗೆ ಒಬ್ಬರನ್ನೇ ಬಿಡುವುದು. ಜಯಶೀಲ ಬಂದಳು,
ಸೀರೆಯ ಮೇಲೆ ಹಸಿರು ಗೌನು ಹಿಂದುಮುಂದಾಗಿ ತೊಟ್ಟು.
ಹಾಸನದ ಮಂಡಿಯಲ್ಲಿ ಬಿತ್ತನೆ ಆಲೂಗಡ್ಡೆ ಹೆಚ್ಚುವ ಕೆಲಸ,
ಹೋಳಿಗೊಂದು ಕಣ್ಣಾದರೂ ಉಳಿಯುವ ಹಾಗೆ.
ಮೂರು ಸಲ ತೊಳೆದರೂ ಉಗುರ ಸಂದಿನ ಮಣ್ಣು ಹೋಗಿರಲಿಲ್ಲ.
'ಎಬ್ಬಿಸ್ಲಾ ಸಿಸ್ಟರ್?'
'ಬೇಡ. ತಾನೇ ಏಳಲಿ.'
'ಸರಿ ಬುಡಿ. ಐಸ್ ಮನೆಯಿಂದ ತಂದ ಗಡ್ಡೇನೂ ಅಷ್ಟೇಯ,
ನೆಳ್ಳಲ್ಲಿ ಹರಡಿ ಸುಮ್ನಿರಬೇಕು.
ಅದ್ರ ಪಾಡಿಗೆ ಅದು ಕಣ್ ಬುಡ್ತದೆ.'

ಬಿಟ್ಟ.
ಬಿಟ್ಟ ಕಣ್ಣಲ್ಲಿ ಯಾರೂ ಇರಲಿಲ್ಲ.
ಕಿರುಚಿದ, ಒದ್ದ, ಕೈಯ ಸೂಜಿ ಕೀಳಲು ಹೋದ,
ತಬ್ಬಲು ಬಗ್ಗಿದವಳ ಮೂಗಿಗೇ ಗುದ್ದಿ
'ನೀನಲ್ಲ! ನಮ್ಮವ್ವನ್ನ ಕರಿ! ನೀನಲ್ಲ!'

ಜಯಶೀಲ ಕೈ ಹಿಂದಕ್ಕೆಳೆದುಕೊಂಡು
ಉಗುರು ನೋಡಿಕೊಂಡಳು, ತಪ್ಪು ಅದರದ್ದೇ ಎಂಬಂತೆ.

ಇದಕ್ಕೊಂದು ಇಂಗ್ಲಿಷ್ ಹೆಸರಿದೆ. ನಾನು ಹೇಳುವುದಿಲ್ಲ.
ಮೈ ಮೊದಲು ಬಂದುಬಿಡುತ್ತದಮ್ಮ,
ಮನಸ್ಸು ಹಿಂದಿನ ಬಸ್ಸಿಗೆ ಬರುತ್ತದೆ ಎನ್ನುತ್ತೇನೆ.
ಅಲುಗಿಸಬೇಡಿ. ಹೆಸರು ಹಿಡಿದು ಕೂಗಬೇಡಿ.
ದೊಡ್ಡ ದೀಪ ಆರಿಸಿ, ಮಂಚದ ಕಂಬಿಗೆ ದಿಂಬು ಒತ್ತಿ ಹಿಡಿದು
ಇಬ್ಬರೂ ನಿಂತೆವು,
ಹೊಳೆ ಇಳಿಯಲೆಂದು ದಡದಲ್ಲಿ ನಿಂತವರ ಹಾಗೆ.
'ಇದ್ಯಾವುದೂ ಅವನಿಗೆ ನೆನಪಿರಲ್ಲ' ಎಂದೆ, ಸಮಾಧಾನಕ್ಕೆ.
'ನಂಗಿರ್ತದಲ್ಲ' ಎಂದಳು.
ಅದಕ್ಕೆ ಮದ್ದು ನನ್ನ ಟ್ರೇಯಲ್ಲಿಲ್ಲ.

ಹನ್ನೊಂದು ನಿಮಿಷ. ಚಾರ್ಟಿನಲ್ಲಿ ಬರೆದೆ.
ಕಿರುಚು ಅಳುವಾಗಿ, ಅಳು ಬಿಕ್ಕಾಗಿ
ಮತ್ತೆ ನಿದ್ದೆ. ಈ ಸಲ ಡಾಕ್ಟರು ಕೊಟ್ಟದ್ದಲ್ಲ,
ಅವನದೇ ಸ್ವಂತ ನಿದ್ದೆ, ಬಾಯಿ ತೆರೆದು.
ಕಿಟಕಿಯಾಚೆ ಅರಸೀಕೆರೆ ರೈಲು ಕೂಗಿಕೊಂಡು ಹೋಯಿತು.

ಎರಡನೇ ಸಲ ಕಣ್ಣು ಬಿಟ್ಟವನು
ಅವ್ವನ ಬೆರಳು ಹುಡುಕಿ ಹಿಡಿದು, ಒಡಕು ದನಿಯಲ್ಲಿ,
ಬಿಟ್ಟಲ್ಲಿಂದ ಎತ್ತಿಕೊಂಡ:
'ಏಳು.'

'ನಾನು ಎದ್ದೇ ಇವ್ನಲ್ಲೋ ಮಗ' ಎಂದಳು ಅವಳು.

'ಎಂಟು' ಎಂದ.
ಪಕ್ಕದ ಮಂಚಕ್ಕೆ ಇನ್ನೊಂದು ಮಗು ಬರುವುದಿತ್ತು,
ಚಾದರ ಬದಲಿಸಲು ಹೋದೆ.
ಹತ್ತು ಮುಟ್ಟಿದನೋ ಇಲ್ಲವೋ
ಕೇಳಿಸಿಕೊಳ್ಳಲಾಗಲಿಲ್ಲ.